ಎಸ್ಟೀಮ್‌ಗೆ ಸ್ಪೀಡುಯಿನೋ: ಐಡ್ಲಿಂಗ್ ಕೊನೆಗೂ ಹಿಡಿತಕ್ಕೆ ಬಂತು

ಸ್ಪೀಡುಯಿನೋ (ಪೆಟ್ರೋಲ್, ಸ್ಪಾರ್ಕ್ ನೋಡಿಕೊಳ್ಳೋ, ಆರ್ಡುಯಿನೋ ಮೇಲೆ ಕಟ್ಟಿದ ಎಂಜಿನ್ ಕಂಪ್ಯೂಟರ್) ಹಾಕಿದ ಗಾಡಿ ಟ್ರಾಫಿಕ್‌ನಲ್ಲಿ ಆಫ್ ಆಗದೆ ಇರಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. "ಅದು ಆರ್ಡುಯಿನೋ ಬೋರ್ಡು ಗುರು, ಆಟದ ಸಾಮಾನು. ಐಡ್ಲಿಂಗ್ ಬೇಕಂದ್ರೆ ಲಕ್ಷ ರೂಪಾಯಿದು ತಗೋ" ಅಂದರು. ಈಗ ನನ್ನ 1.3 ಲೀಟರ್ ಮಾರುತಿ ಎಸ್ಟೀಮ್‌ನ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ತಾನೇ ತಿರುಗೋದು) ಎಸಿ ಹಾಕಿದರೂ 900ರ ಆಸುಪಾಸಿನಲ್ಲೇ ಇರುತ್ತದೆ, ಮುಳ್ಳು 30–40 ಆರ್‌ಪಿಎಂಗಿಂತ ಜಾಸ್ತಿ ಅಲ್ಲಾಡಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಪರೀಕ್ಷೆ ಆಗಿದೆ. ಅದಕ್ಕಿಂತ ದೊಡ್ಡ ಡೈನೋ (ಎಂಜಿನ್ ಪರೀಕ್ಷೆ ಮಾಡೋ ಯಂತ್ರ) ಬೇಕಾ?

ಬೋರ್ಡ್ ಕೂರಿಸೋದು, ವೈರಿಂಗ್, ಸೆನ್ಸರ್ ಕ್ಯಾಲಿಬ್ರೇಷನ್ ಇದೆಲ್ಲ ನಿಮಗೆ ಗೊತ್ತೇ ಇದೆ, ಬಿಡಿ. ನನ್ನ ತೊಂದರೆ ಎಂಜಿನ್ ಬಿಸಿಯಾದ ಮೇಲೆ ಶುರುವಾಗುತ್ತಿತ್ತು. 700ರಿಂದ 1300, ಮತ್ತೆ 700, ಹೀಗೆ ಉಯ್ಯಾಲೆ. ರೇಡಿಯೇಟರ್ ಫ್ಯಾನ್ ಆನ್ ಆದರೆ ಗಾಡಿ ಆಫ್.

ಮೊದಲು ಒಬ್ಬ ಟ್ಯೂನರ್ ಹತ್ತಿರ ಕೊಟ್ಟೆ. ಹತ್ತು ಹನ್ನೆರಡು ಸಾವಿರ ತಗೊಂಡು, ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡೋ ಬಾಗಿಲು) ಸ್ಟಾಪ್ ಸ್ಕ್ರೂ ತಿರುಗಿಸಿ, ಐಡ್ಲಿಂಗ್ 1200ಕ್ಕೆ ಏರಿಸಿ ಕಳಿಸಿದರು. ಅದನ್ನು ಸ್ಕ್ರೂಡ್ರೈವರ್ ಇರುವ ಯಾರಾದರೂ ಮಾಡುತ್ತಿದ್ದರು. ಆಮೇಲೆ ಜೆಸಿ ರೋಡ್‌ನಲ್ಲಿ ಹೊಸ ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳೋ ಸೆನ್ಸರ್), ಪ್ಲಗ್, ಎರಡು ವೈರಿನ ಐಡಲ್ ವಾಲ್ವ್ (ಐಡ್ಲಿಂಗ್‌ಗೆ ಬೇಕಾದ ಗಾಳಿ ಬಿಡೋದು) ಅಂತ ಏಳೆಂಟು ಸಾವಿರ ಹೋಯಿತು. ಉಯ್ಯಾಲೆ ಹಾಗೇ ಇತ್ತು. ಸಾರ್ಥಕ ಆದ ಖರ್ಚು ಅಂದರೆ ವೈಡ್‌ಬ್ಯಾಂಡ್ (ಎಕ್ಸಾಸ್ಟ್‌ನ ಆಮ್ಲಜನಕ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣ ಹೇಳೋ ಮೀಟರ್) ಒಂದೇ, ಎಲ್‌ಎಸ್‌ಯು 4.9 ಸೆನ್ಸರ್ ಮತ್ತು ಕಂಟ್ರೋಲರ್ ಸೇರಿ ಹದಿನೈದು ಸಾವಿರದ ಹತ್ತಿರ.

ಗಾಳಿ ಲೀಕ್ ಹುಡುಕೋಕೆ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡುತ್ತಾರೆ ಅಲ್ವಾ, ನಾನು ಊದುಬತ್ತಿ ಹಚ್ಚಿದೆ. ಇಂಜೆಕ್ಟರ್ ಬುಡಗಳ ಹತ್ತಿರ ಒಂದೊಂದಾಗಿ ಹಿಡಿದುಕೊಂಡು ಹೋದರೆ, ಮೂರನೇದರ ಹತ್ತಿರ ಹೊಗೆ ನೆಟ್ಟಗೆ ಮೇಲೆ ಹೋಗೋದು ಬಿಟ್ಟು ಸೊಂಟ ಬಗ್ಗಿಸಿ ಒಳಗೆ ಹೋಯಿತು. ಓ ರಿಂಗ್ ಬದಲಾಯಿಸಿದೆ, ಐವತ್ತು ರೂಪಾಯಿ ಕೆಲಸ. ಐಡ್ಲಿಂಗ್ ಸ್ವಲ್ಪ ಕೆಳಗಿಳಿಯಿತು, ಆದರೆ ಏರಿಳಿತ ನಿಲ್ಲಲಿಲ್ಲ.

ಉತ್ತರ ಸಿಕ್ಕಿದ್ದು ಲಾಗ್‌ನಲ್ಲಿ, ಅಂದರೆ ಬೋರ್ಡ್ ಕೊಟ್ಟ ದಾಖಲೆಯಲ್ಲಿ. ಆರ್‌ಪಿಎಂ ಗೆರೆ, ಓ2 ಕರೆಕ್ಷನ್ (ವೈಡ್‌ಬ್ಯಾಂಡ್ ನೋಡಿ ಪೆಟ್ರೋಲ್ ತಿದ್ದೋದು) ಗೆರೆ, ಐಡಲ್ ವಾಲ್ವ್ ಡ್ಯೂಟಿ (ಶೇಕಡಾ ಎಷ್ಟು ತೆರೆದಿದೆ ಅನ್ನೋದು) ಗೆರೆ, ಮೂರೂ ಒಂದೇ ಅಳತೆಯ ಅಲೆ, ಆದರೆ ಒಂದರ ಹಿಂದೆ ಒಂದು. ಐಡ್ಲಿಂಗ್‌ನಲ್ಲಿ ಎಕ್ಸಾಸ್ಟ್ ಗ್ಯಾಸ್ ಸೆನ್ಸರ್ ಮುಟ್ಟೋದೇ ನಿಧಾನ. ಲೀನ್ (ಪೆಟ್ರೋಲ್ ಕಮ್ಮಿ) ಅಂತ ಗೊತ್ತಾಗಿ ಪೆಟ್ರೋಲ್ ಕೊಡೋ ಹೊತ್ತಿಗೆ ಎಂಜಿನ್ ರಿಚ್ (ಪೆಟ್ರೋಲ್ ಜಾಸ್ತಿ) ಕಡೆಗೆ ಹೋಗಿರುತ್ತದೆ. ವಾಲ್ವ್ ಕಥೆಯೂ ಅಷ್ಟೇ, ಅದು ತೆರೆದ ಮೇಲೆ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯೋ ಕೊಳವೆ) ತುಂಬಬೇಕು. ಎಲ್ಲರೂ ತಡವಾಗಿ ಬಂದು ತಿದ್ದುತ್ತಿದ್ದರು, ಏರಿಳಿತ ಅಲ್ಲೇ ಹುಟ್ಟುತ್ತಿತ್ತು.

ಹಾಗಾಗಿ ಎಲ್ಲ ಆಫ್ ಮಾಡಿದೆ. ಓ2 ಕರೆಕ್ಷನ್ ಇಲ್ಲ, ವಾಲ್ವ್ ಡ್ಯೂಟಿ 35ರಲ್ಲಿ ಕಟ್ಟಿಹಾಕಿದೆ, ಸ್ಪಾರ್ಕ್ ಟೈಮಿಂಗ್ 12 ಡಿಗ್ರಿಗೆ ಫಿಕ್ಸ್. 600ರಿಂದ 1200 ಆರ್‌ಪಿಎಂ, ಮ್ಯಾನಿಫೋಲ್ಡ್ ಒತ್ತಡ 30ರಿಂದ 45 ಕೆಪಿಎ ನಡುವಿನ ವಿಇ (ಪೆಟ್ರೋಲ್ ಲೆಕ್ಕದ ಕೋಷ್ಟಕ) ಖಾನೆಗಳನ್ನು ಹೆಚ್ಚುಕಡಿಮೆ ಸಮತಟ್ಟು ಮಾಡಿ ಲ್ಯಾಂಬ್ಡಾ (1 ಅಂದರೆ ಗಾಳಿ-ಪೆಟ್ರೋಲ್ ಸರಿಯಾದ ಪ್ರಮಾಣ, ಕೆಳಗಿದ್ದರೆ ರಿಚ್) 0.95ಕ್ಕೆ ತಂದೆ. ತಾನೇ ತಿದ್ದೋ ಆಟೋಟ್ಯೂನ್ ಅಲ್ಲಿ ಗುಂಡಿ ದಿಣ್ಣೆ ಮಾಡಿ ಇಟ್ಟಿತ್ತು, ಅದರ ಸಹವಾಸವೇ ಬೇಡ. ಅಂದಹಾಗೆ ಇ20 (ಶೇಕಡಾ 20 ಎಥನಾಲ್) ಪೆಟ್ರೋಲ್‌ಗೆ, ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಅನ್ನೋ ಲೆಕ್ಕ ನಡೆಯಲ್ಲ, 13.5ರ ಹತ್ತಿರ ಬರುತ್ತದೆ. ಲ್ಯಾಂಬ್ಡಾ ನೋಡಿಕೊಂಡರೆ ಈ ತಲೆನೋವೇ ಇಲ್ಲ. ಇಷ್ಟಕ್ಕೇ, ಯಾವ ಕಂಟ್ರೋಲೂ ಇಲ್ಲದೆ, ಏರಿಳಿತ ನೂರು ಆರ್‌ಪಿಎಂ ಒಳಗೆ ಬಂತು.

ಫ್ಯಾನ್ ಆನ್ ಆದಾಗ ಆಫ್ ಆಗುತ್ತಿದ್ದದ್ದು ಇಂಜೆಕ್ಟರ್ ಡೆಡ್ ಟೈಮ್ (ಕರೆಂಟ್ ಕೊಟ್ಟ ಮೇಲೂ ಪೆಟ್ರೋಲ್ ಬರದ ಹೊತ್ತು) ಕಾಟ. ಐಡ್ಲಿಂಗ್‌ನಲ್ಲಿ ಪಲ್ಸ್ 2.3 ಮಿಲಿಸೆಕೆಂಡ್ ಇತ್ತು, ಅದರಲ್ಲಿ ಒಂದು ಮಿಲಿಸೆಕೆಂಡ್ ಡೆಡ್ ಟೈಮೇ. ವೋಲ್ಟೇಜ್ 14ರಿಂದ 12.6ಕ್ಕೆ ಬಿದ್ದಾಗ 0.15 ತಪ್ಪಿದರೂ ಪೆಟ್ರೋಲ್ ಶೇಕಡಾ ಹತ್ತಕ್ಕಿಂತ ಜಾಸ್ತಿ ಕಮ್ಮಿ ಆಯ್ತಲ್ಲ. ಹೆಡ್‌ಲೈಟ್, ಬ್ಲೋವರ್, ಫ್ಯಾನ್ ಒಂದೊಂದೇ ಆನ್ ಮಾಡಿ, ಲ್ಯಾಂಬ್ಡಾ ಕದಲದ ಹಾಗೆ ವೋಲ್ಟೇಜ್ ಕರ್ವ್ ತಿದ್ದಿದೆ. ಇದಕ್ಕೆ ಒಂದು ಸಂಜೆ ಸಾಕು, ಆದರೆ ಯಾರೂ ಮಾಡಲ್ಲ.

ಕೆಲಸ ಮುಗಿಸಿದ್ದು ಮಾತ್ರ ಸ್ಪಾರ್ಕ್. ಆರ್‌ಪಿಎಂ ಗುರಿಗಿಂತ ನೂರು ಕೆಳಗೆ ಹೋದರೆ 4 ಡಿಗ್ರಿ ಅಡ್ವಾನ್ಸ್ (ಸ್ಪಾರ್ಕ್ ಬೇಗ), ನೂರು ಮೇಲೆ ಹೋದರೆ 4 ಡಿಗ್ರಿ ರಿಟಾರ್ಡ್ (ಸ್ಪಾರ್ಕ್ ತಡ). ಗಾಳಿ ಬರೋಕೆ ಹೊತ್ತು ಬೇಕು, ಸ್ಪಾರ್ಕ್ ಮುಂದಿನ ಸಿಲಿಂಡರ್‌ನಲ್ಲೇ ಕೆಲಸ ಮಾಡುತ್ತದೆ. ಒಂದು ಮಾತು, ಇದಕ್ಕೆ ಮೊದಲು ಟೈಮಿಂಗ್ ಲೈಟ್ (ಸ್ಪಾರ್ಕ್ ನಿಜವಾಗಿ ಯಾವಾಗ ಬೀಳುತ್ತದೆ ಅಂತ ತೋರಿಸೋ ದೀಪ) ಹಿಡಿಯಿರಿ. ನನ್ನ 36-1 ಚಕ್ರ (36 ಹಲ್ಲಿನಲ್ಲಿ ಒಂದಿಲ್ಲ, ಎಂಜಿನ್ ಎಲ್ಲಿದೆ ಅಂತ ಬೋರ್ಡ್‌ಗೆ ಇದರಿಂದ ತಿಳಿಯುತ್ತದೆ) ಪೀಣ್ಯದ ಲೇತ್‌ನಲ್ಲಿ ಮಾಡಿಸಿದ್ದು, 12 ಡಿಗ್ರಿ ಅಂದರೆ 900ರಲ್ಲೂ 3000ದಲ್ಲೂ 12 ಕಾಣಿಸಿದ ಮೇಲೇ ಮುಂದುವರಿದೆ. ಥ್ರಾಟಲ್ ಬಿಟ್ಟ ತಕ್ಷಣ ಐಡಲ್ ಅಡ್ವಾನ್ಸ್ ಯಾವಾಗ ಒಳಗೆ ಬರಬೇಕು, ಎಸಿ ಕ್ಲಚ್ ಎಷ್ಟು ತಡೆದು ಹಾಕಬೇಕು, ಆ ನಂಬರ್‌ಗಳನ್ನು ಇಲ್ಲಿ ಬರೆಯಲ್ಲ. ಅದಕ್ಕೆ ಸುಮಾರು ಭಾನುವಾರಗಳು ಹೋಗಿವೆ.

ಬೆಳಗಿನ ಹೊತ್ತು ತಣ್ಣಗಿದ್ದಾಗ ಇನ್ನೊಂದು ಹಂಟಿಂಗ್ (ಅದೇ ಉಯ್ಯಾಲೆ) ಇತ್ತು, ಅದರ ಕಾರಣ ಬೇರೆ. ಕೋಲ್ಡ್ ಐಡಲ್ 1400, ಡಿಸೆಲರೇಷನ್ ಫ್ಯೂಯಲ್ ಕಟ್ (ಆಕ್ಸಿಲರೇಟರ್ ಬಿಟ್ಟಾಗ ಆರ್‌ಪಿಎಂ ಅದರ ಮೇಲಿದ್ದರೆ ಪೆಟ್ರೋಲ್ ನಿಲ್ಲಿಸೋದು) 1300ಕ್ಕೆ ಸೆಟ್ ಆಗಿತ್ತು. ಪೆಟ್ರೋಲ್ ಕಟ್, ಬಿತ್ತು, ವಾಪಸ್ ಬಂತು, ಮತ್ತೆ ಕಟ್. 1900ಕ್ಕೆ ಏರಿಸಿ, ಕೂಲೆಂಟ್ 60 ದಾಟಿದ ಮೇಲೆ ಮಾತ್ರ ಅಂತ ಹಾಕಿದೆ, ಹೋಯಿತು.

ಸುಮ್ನೆ ಕುತೂಹಲಕ್ಕೆ ಮ್ಯಾಪ್ (ಮ್ಯಾನಿಫೋಲ್ಡ್ ಒತ್ತಡ ಅಳೆಯೋ ಸೆನ್ಸರ್) ಹೋಸ್‌ನಲ್ಲಿ ಫಿಶ್ ಟ್ಯಾಂಕ್‌ನ ಪ್ಲಾಸ್ಟಿಕ್ ವಾಲ್ವ್ ಸಿಕ್ಕಿಸಿ ನೋಡಿದೆ. ಸಿಗ್ನಲ್ ಬೆಣ್ಣೆ ಹಾಗೆ ನುಣುಪಾಯಿತು, ಹಂಟಿಂಗ್ ಮಾತ್ರ ಜಾಸ್ತಿ! ತಡವಾದ ಸಿಗ್ನಲ್ ಎಷ್ಟು ನುಣುಪಾಗಿದ್ದರೂ ಪ್ರಯೋಜನ ಇಲ್ಲ. ಕಿತ್ತು ಹಾಕಿ, ಹೋಸನ್ನು ಪ್ಲೀನಮ್‌ನಿಂದ (ಮ್ಯಾನಿಫೋಲ್ಡ್‌ನ ಗಾಳಿ ಡಬ್ಬ) ತಗೊಂಡು, ಸ್ಯಾಂಪ್ಲಿಂಗ್ ಸೈಕಲ್ ಆವರೇಜ್‌ಗೆ (ಎಂಜಿನ್‌ನ ಒಂದು ಸುತ್ತಿನ ಸರಾಸರಿ) ಇಟ್ಟೆ.

ಆಮೇಲೆ ಶಿರಾಡಿ ಇಳಿದು ಮಂಗಳೂರಿಗೆ ಹೋದಾಗ ಐಡ್ಲಿಂಗ್ ಒಂದು ಸಾವಿರ ಮುಟ್ಟಿತು. ಬೆಂಗಳೂರಲ್ಲಿ ಗಾಳಿಯ ಒತ್ತಡ 91 ಕೆಪಿಎ, ಅಲ್ಲಿ 101. ಅದೇ ಡ್ಯೂಟಿಯಲ್ಲಿ ಜಾಸ್ತಿ ಗಾಳಿ ಒಳಗೆ ಬರುತ್ತದೆ. ವಾಪಸ್ ಬಂದು ವಾಲ್ವ್‌ಗೆ ಕ್ಲೋಸ್ಡ್ ಲೂಪ್ (ಆರ್‌ಪಿಎಂ ನೋಡಿ ತಾನೇ ತಿದ್ದೋದು) ಮತ್ತೆ ಕೊಟ್ಟೆ, ಆದರೆ ತಕ್ಷಣ ತಿದ್ದೋ ಪಿ ಮತ್ತು ಡಿ ಸೊನ್ನೆ, ತಪ್ಪನ್ನು ಕೂಡಿಸುತ್ತಾ ತಿದ್ದೋ ಐ ಮಾತ್ರ, ಅದೂ ತುಂಬಾ ನಿಧಾನ. ಓ2 ಕರೆಕ್ಷನ್ 1500ರ ಮೇಲೆ ಮಾತ್ರ ಆನ್. ಟ್ಯೂನರ್‌ಗೆ ಕೊಟ್ಟ ದುಡ್ಡು ಬಿಟ್ಟರೆ, ಬೋರ್ಡು ವೈರಿಂಗ್ ವೈಡ್‌ಬ್ಯಾಂಡ್ ಎಲ್ಲ ಸೇರಿ ಒಟ್ಟು ನಲವತ್ತು ಸಾವಿರದ ಆಸುಪಾಸು ಆಗಿರಬಹುದು. ಲಕ್ಷದ್ದು ತಗೋ ಅಂದಿದ್ದ ಗೆಳೆಯ ಹೋದ ವಾರ ತನ್ನ ಬಲೆನೋ ತಂದು ಮನೆ ಮುಂದೆ ನಿಲ್ಲಿಸಿದ್ದಾನೆ, ಅದರ ಲಾಗ್ ಇನ್ನೂ ನೋಡಬೇಕು.