ಅತ್ತೆ ಇಟ್ಟ ಹೆಸರು ಕೋಳಿ ಕೋಸಂಬರಿ

ಇದು ವಿಯೆಟ್ನಾಂ ಮನೆಗಳ ಅಡುಗೆ. ಅಲ್ಲಿ ಇದನ್ನು ಗೊಯ್ ಗಾ ಅನ್ನುತ್ತಾರೆ. ಗಾ ಅಂದರೆ ಕೋಳಿ. ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಕೋಳಿ, ದಾರದಂತೆ ಹೆಚ್ಚಿದ ಎಲೆಕೋಸು, ಸೊಪ್ಪು, ಹುರಿದ ಕಡ್ಲೆಕಾಯಿ ಬೀಜ, ಕರಿದ ಈರುಳ್ಳಿ, ಮೇಲೆ ಹುಳಿ-ಸಿಹಿ-ಉಪ್ಪು-ಖಾರ ನಾಲ್ಕೂ ಇರುವ ಒಂದು ರಸ. ನಾನು ಇದನ್ನು ಕಲಿತದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಪಕ್ಕದ ಮನೆಯ ಆಂಟಿ ಹತ್ತಿರ. 1975ರಲ್ಲಿ ಯುದ್ಧ ಮುಗಿದ ಮೇಲೆ ವಿಯೆಟ್ನಾಂ ಬಿಟ್ಟು ಬಂದ ಎಷ್ಟೋ ಕುಟುಂಬಗಳು ಆ ಊರಿನಲ್ಲಿ ನೆಲೆ ನಿಂತಿವೆ. ಸ್ಟೋರಿ ರೋಡ್ ಕಡೆ ಹೋದರೆ ಅಂಗಡಿಯ ಬೋರ್ಡುಗಳೆಲ್ಲ ಅವರ ಭಾಷೆಯಲ್ಲೇ ಇರುತ್ತವೆ. ಆಂಟಿ ಭಾನುವಾರ ಇಡೀ ಕೋಳಿ ಬೇಯಿಸುತ್ತಿದ್ದರು, ನಮ್ಮ ಮನೆಗೂ ಒಂದು ಡಬ್ಬಿ ಬರುತ್ತಿತ್ತು. ಮೊದಲ ತುತ್ತಿಗೇ ನನಗೆ ಊರಿನ ರಾಮನವಮಿ ಕೋಸಂಬರಿ ನೆನಪಾಯಿತು. ರುಚಿಯಲ್ಲಿ ಎರಡಕ್ಕೂ ಸಂಬಂಧವಿಲ್ಲ. ಆ ಕರುಂ ಕುರುಂ ಸದ್ದು ಇದೆಯಲ್ಲ, ಅದು.

ಅಮೆರಿಕದ ರೆಸ್ಟೋರೆಂಟ್‌ಗಳಲ್ಲಿ ಏಷ್ಯನ್ ಚಿಕನ್ ಸಲಾಡ್ ಅಂತ ಇನ್ನೊಂದು ಸಿಗುತ್ತದೆ. ಅದರಲ್ಲಿ ಡಬ್ಬಿಯ ಕಿತ್ತಳೆ ತೊಳೆ, ಎಳ್ಳೆಣ್ಣೆ, ಕರಿದ ಮೈದಾ ಪಟ್ಟಿಗಳು ಇರುತ್ತವೆ. ನನಗೆ ಅದು ಸಿಹಿ ಜಾಸ್ತಿ. ಗೊಯ್ ಗಾ ಹಾಗಲ್ಲ, ತಟ್ಟೆ ಖಾಲಿಯಾದ ಮೇಲೂ ಇನ್ನೊಂದು ಹಿಡಿ ಬೇಕು ಅನ್ನಿಸುತ್ತದೆ.

ಮೈಸೂರಿಗೆ ವಾಪಸ್ ಬಂದ ವರ್ಷ ಯುಗಾದಿ ಮರುದಿನ, ಹೊಸತೊಡಕಿಗೆ, ಇದನ್ನು ಮಾಡಲು ಹೊರಟೆ. ಮನೆಯಲ್ಲಿ ಹನ್ನೆರಡು ಜನ ಇದ್ದರು. ನಾಟಿಕೋಳಿ ಸಾರು, ಮುದ್ದೆ ಎಲ್ಲ ಅತ್ತೆ ನೋಡಿಕೊಳ್ಳುತ್ತಿದ್ದರು, ನನ್ನದು ಇದೊಂದೇ. ಕೊನೆಗೆ ಗಡಿಬಿಡಿ ಆಗುತ್ತದೆ ಅಂತ ಹನ್ನೊಂದೂವರೆಗೇ ಎಲ್ಲ ಕಲಸಿಟ್ಟೆ. ಒಂದು ಗಂಟೆಗೆ ಬಡಿಸಲು ಹೋದರೆ ಬೋಗುಣಿಯ ತಳದಲ್ಲಿ ಒಂದು ಲೋಟದಷ್ಟು ನೀರು. ಎಲೆಕೋಸು ಸೊರಗಿತ್ತು, ಕರಿದ ಈರುಳ್ಳಿ ಬೇಯಿಸಿದ ಹಾಗೆ ಮೆತ್ತಗಾಗಿತ್ತು, ರಸ ಸಪ್ಪೆ. ನಾನು ಅಳುವುದೊಂದು ಬಾಕಿ. ಅತ್ತೆ ಒಂದು ತುತ್ತು ಬಾಯಿಗೆ ಹಾಕಿಕೊಂಡು ಕೇಳಿದರು, "ಕೋಸಂಬರಿಗೆ ಉಪ್ಪು ಯಾವಾಗ ಹಾಕ್ತೀಯಮ್ಮ?" ಎಲೆ ಹಾಕಿದ ಮೇಲೆ ಅಂದೆ. "ಮತ್ತೆ ಇದೂ ಕೋಳಿ ಕೋಸಂಬರಿನೇ ಅಲ್ವಾ?"

ಅವತ್ತಿನಿಂದ ನಮ್ಮ ಮನೆಯಲ್ಲಿ ಇದಕ್ಕೆ ಅದೇ ಹೆಸರು. ನಾನು ಇದನ್ನು ಮಾಡುವ ರೀತಿಯೂ ಆ ಒಂದು ಪ್ರಶ್ನೆಯಿಂದ ಬದಲಾಯಿತು. ಈ ಅಡುಗೆಯಲ್ಲಿ ಎರಡು ಥರದ ಗರಿಗರಿ ಇದೆ. ಹಸಿ ತರಕಾರಿಯ ಗರಿಗರಿ ಒಂದು, ಅದಕ್ಕೆ ಒಳಗೆ ನೀರು ತುಂಬಿರಬೇಕು. ಕರಿದ ಈರುಳ್ಳಿ, ಹುರಿದ ಕಡ್ಲೆಕಾಯಿಯ ಗರಿಗರಿ ಇನ್ನೊಂದು, ಅದಕ್ಕೆ ನೀರು ಸೋಕಲೇಬಾರದು. ಉಪ್ಪು ಬಿದ್ದ ತಕ್ಷಣ ಮೊದಲನೆಯದರ ನೀರು ಹೊರಗೆ ಬರುತ್ತದೆ, ಬಂದು ಎರಡನೆಯದನ್ನೂ ಕೆಡಿಸುತ್ತದೆ. ಹೊಸತೊಡಕಿನ ದಿನ ಆಗಿದ್ದು ಇಷ್ಟೇ.

ಈಗ ತರಕಾರಿ. ನಾಲ್ಕು ಜನಕ್ಕೆ 300 ಗ್ರಾಂ ಎಲೆಕೋಸು, ಒಂದು ಕ್ಯಾರೆಟ್, ಒಂದು ಎಳೆ ನವಿಲುಕೋಸು, ಒಂದು ಈರುಳ್ಳಿ ಸಾಕು. ನವಿಲುಕೋಸು ನಮ್ಮ ಮೈಸೂರು ಕಡೆಯ ಸಾರು-ಪಲ್ಯದ್ದು ಅಂದುಕೊಂಡಿದ್ದೆ, ಉತ್ತರ ವಿಯೆಟ್ನಾಂನಲ್ಲಿ ಅದನ್ನು ಹಸಿಯಾಗಿ ಹೀಗೆ ಕಲಸಿ ತಿನ್ನುವುದು ತುಂಬಾ ಮಾಮೂಲಿ. ಎಲೆಕೋಸಿನ ದಿಂಡು ತೆಗೆದು ಎಷ್ಟು ಸಣ್ಣಗೆ ಆಗುತ್ತದೋ ಅಷ್ಟು ಸಣ್ಣಗೆ ಹೆಚ್ಚಿ. ನಾನು ಚಾಕುವಿನಲ್ಲಿ ಹೆಚ್ಚುವುದಕ್ಕಿಂತ ಅತ್ತೆ ಈಳಿಗೆಮಣೆಯಲ್ಲಿ ಹೆಚ್ಚುವುದು ಅರ್ಧದಷ್ಟು ತೆಳ್ಳಗಿರುತ್ತದೆ, ಹಾಗಾಗಿ ಆ ಕೆಲಸ ಅವರದ್ದೇ. ಹೆಚ್ಚಿದ್ದನ್ನು ಐಸ್ ಹಾಕಿದ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿಡಿ. ತಣ್ಣೀರು ಕುಡಿದು ಎಳೆಗಳು ಬಿರುಸಾಗಿ ಸುರುಳಿ ಸುತ್ತಿಕೊಳ್ಳುತ್ತವೆ. ನೀರಿನಿಂದ ತೆಗೆದ ಮೇಲೆ ಇರುವ ಕೆಲಸವೇ ಮುಖ್ಯವಾದದ್ದು, ಮೈಮೇಲಿನ ನೀರು ಪೂರ್ತಿ ಹೋಗಬೇಕು. ಸುಮ್ನೆ ಜರಡಿಯಲ್ಲಿ ಬಸಿದರೆ ಸಾಲದು. ನಾನು ಒಗೆದ ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ, ಹಿತ್ತಲಿಗೆ ಹೋಗಿ ಏಳೆಂಟು ಸಲ ಜೋರಾಗಿ ಬೀಸುತ್ತೇನೆ, ಆಮೇಲೆ ಇನ್ನೊಂದು ಒಣ ಬಟ್ಟೆಯ ಮೇಲೆ ಹರವಿ ಫ್ರಿಜ್‌ನಲ್ಲಿ ಇಡುತ್ತೇನೆ.

ಕ್ಯಾರೆಟ್ ಮತ್ತು ನವಿಲುಕೋಸಿಗೆ ಇದರ ಉಲ್ಟಾ ದಾರಿ. ಅವನ್ನು ಕಡ್ಡಿ ಕಡ್ಡಿಯಾಗಿ ಹೆಚ್ಚಬೇಕು, ತುರಿಯಬಾರದು. ತುರಿದರೆ ರಸ ಬಿಟ್ಟು ಮುದ್ದೆಯಾಗುತ್ತದೆ. ಒಂದು ಚಿಕ್ಕ ಚಮಚ ಉಪ್ಪು, ಅಷ್ಟೇ ಸಕ್ಕರೆ ಸವರಿ ಇಪ್ಪತ್ತು ನಿಮಿಷ ಬಿಡಿ. ಒಂದು ಕಡ್ಡಿ ತೆಗೆದು ಬಗ್ಗಿಸಿ ನೋಡಿ, ಮುರಿಯದೆ ಬಳುಕಿದರೆ ಆಯಿತು. ಒಮ್ಮೆ ನೀರಿನಲ್ಲಿ ಜಾಲಿಸಿ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ನೀರು ತೆಗೆದರೆ ಮೆತ್ತಗಾಗುವುದಿಲ್ವಾ ಅಂತ ನನಗೂ ಅನುಮಾನ ಇತ್ತು. ಆಗುವುದಿಲ್ಲ. ಇವು ಗಟ್ಟಿ ಗೆಡ್ಡೆಯ ಜಾತಿ, ನೀರು ಬಿಟ್ಟ ಮೇಲೆ ಉಪ್ಪಿನಕಾಯಿ ಹೋಳಿನ ಹಾಗೆ ಹಲ್ಲಿಗೆ ಕಟುಕ್ ಅನ್ನುತ್ತವೆ, ಜೊತೆಗೆ ಬಡಿಸುವಾಗ ಬಿಡಬೇಕಾದ ನೀರನ್ನು ಮೊದಲೇ ಬಿಟ್ಟಿರುತ್ತವೆ. ಎಲೆಕೋಸಿಗೂ ಹೀಗೇ ಉಪ್ಪು ಹಾಕಿ ಹಿಂಡಿ ನೋಡಿದ್ದೇನೆ. ನನಗೆ ಹಿಡಿಸಲಿಲ್ಲ, ತೆಳು ಎಳೆ ತೊಗಲಿನಂತಾಗುತ್ತದೆ. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ನಿಂಬೆರಸ ಹಿಂಡಿದ ತಣ್ಣೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಘಾಟು ಹೋಗುತ್ತದೆ.

ಕೋಳಿ ವಿಷಯಕ್ಕೆ ಬಂದರೆ, ವಿಯೆಟ್ನಾಂನವರು ನಾಟಿ ಕೋಳಿಗೆ ಗಾ ತಾ ಅನ್ನುತ್ತಾರೆ, ಅಂದರೆ ನಮ್ಮ ಕೋಳಿ. ಫಾರಂ ಕೋಳಿಗೆ ಬೇರೆ ಹೆಸರು. ಆಂಟಿ ಇದನ್ನು ಹೇಳಿದಾಗ ನಮ್ಮಲ್ಲೂ ಇದೇ ಜಗಳ ಅಂತ ನಾನು ಹೇಳಿದ್ದೆ, ಇಬ್ಬರೂ ಅದರ ಬಗ್ಗೆಯೇ ಅರ್ಧ ಗಂಟೆ ಮಾತಾಡಿದೆವು. ನಾಟಿ ಕೋಳಿ ಸಿಕ್ಕರೆ ರುಚಿ ಖಂಡಿತ ಹೆಚ್ಚು, ಆದರೆ ಬೇಯಲು ಮುಕ್ಕಾಲು ಗಂಟೆ ಬೇಕು. ವಾರದ ಮಧ್ಯೆ ನಾನು ಮಾಡುವುದು ಫಾರಂ ಕೋಳಿಯಲ್ಲೇ. ಮೂಳೆ ಸಮೇತ ಎರಡು ಕಾಲು, ಒಂದು ಎದೆಭಾಗ, ಒಟ್ಟು 700 ಗ್ರಾಂ. ಅಂಗಡಿಯಲ್ಲಿ ಚರ್ಮ ತೆಗೆಯಬೇಡಿ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಕೇಳದೆಯೇ ಸುಲಿದುಬಿಡುತ್ತಾರೆ.

ಜಜ್ಜಿದ ಶುಂಠಿ, ಅರ್ಧ ಈರುಳ್ಳಿ, ಉಪ್ಪು ಹಾಕಿ ನೀರು ಕುದಿಸಿ ಕೋಳಿ ಇಳಿಸಿ. ಮತ್ತೆ ಕುದಿ ಬಂದ ಕೂಡಲೇ ಉರಿ ಪೂರ್ತಿ ಸಣ್ಣದು ಮಾಡಿ. ನೀರು ಕೊತಕೊತ ಅನ್ನಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು. ಹದಿನೈದು ನಿಮಿಷ ಹಾಗೆ ಬೇಯಿಸಿ, ಒಲೆ ಆರಿಸಿ, ಮುಚ್ಚಳ ತೆಗೆಯದೆ ಇನ್ನು ಇಪ್ಪತ್ತು ನಿಮಿಷ ಬಿಟ್ಟರೆ ಉಳಿದದ್ದನ್ನು ಬಿಸಿನೀರೇ ಬೇಯಿಸುತ್ತದೆ, ಎದೆಯ ಮಾಂಸ ಒಣಗುವುದಿಲ್ಲ. ಅಡುಗೆ ಥರ್ಮಾಮೀಟರ್ ಇದ್ದರೆ ದಪ್ಪ ಭಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಇಲ್ಲದಿದ್ದರೆ ಮೂಳೆ ಹತ್ತಿರ ಚುಚ್ಚಿ ನೋಡಿ, ಕೆಂಪು ರಸ ಬಂದರೆ ಇನ್ನೂ ಬೇಯಿಸಿ. ಆಮೇಲೆ ಐಸ್ ನೀರಿನಲ್ಲಿ ಐದು ನಿಮಿಷ ಅದ್ದಿಡುತ್ತಾರೆ. ಚರ್ಮ ಬಿಗಿಯುತ್ತದೆ, ತಿನ್ನುವಾಗ ಅದಕ್ಕೂ ಒಂದು ಹದ ಬರುತ್ತದೆ. ಒರೆಸಿ, ಪೂರ್ತಿ ಆರಿದ ಮೇಲೆ ಕೈಯಲ್ಲಿ ಎಳೆಯ ದಿಕ್ಕಿಗೇ ಬಿಡಿಸಿ. ಬಿಸಿ ಇರುವಾಗಲೇ ಕಲಸಿದರೆ ಸೊಪ್ಪು ಬಾಡುತ್ತದೆ.

ರಸದ ಜೀವ ಮೀನಿನ ಸಾಸ್, ವಿಯೆಟ್ನಾಂನ ನೂಕ್ ಮಾಮ್. ಆಂಚೊವಿ ಅನ್ನುವ ಸಣ್ಣ ಮೀನಿಗೆ (ಕೇರಳದವರ ನೆತ್ತೋಲಿ) ಉಪ್ಪು ಬೆರೆಸಿ ದೊಡ್ಡ ಮರದ ಪೀಪಾಯಿಗಳಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ, ಅದರಿಂದ ಇಳಿಯುವ ಕಂದು ದ್ರವವೇ ಇದು. ಫೂಕೋಕ್ ದ್ವೀಪದ್ದು ಹೆಸರುವಾಸಿ. ನಮ್ಮ ಮೈಸೂರು ಮಲ್ಲಿಗೆಗೆ ಊರಿನ ಗುರುತು ಸಿಕ್ಕ ಹಾಗೆ ಅದಕ್ಕೂ 2012ರಲ್ಲಿ ಯುರೋಪಿಯನ್ ಒಕ್ಕೂಟ ಊರಿನ ಹೆಸರಿನ ರಕ್ಷಣೆ ಕೊಟ್ಟಿತು. ಕೆಲವು ಸೀಸೆಗಳ ಮೇಲೆ 30, 35, 40 ಅಂತ ಸಂಖ್ಯೆ, ಪಕ್ಕದಲ್ಲಿ ಎನ್ ಅಂತ ಇರುತ್ತದೆ. ಅದು ಸಾರಜನಕದ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಮೀನಿನ ಸಾರ ಹೆಚ್ಚು. ಇಲ್ಲಿ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಥಾಯ್ಲೆಂಡಿನದು ಸಿಕ್ಕರೂ ನಡೆಯುತ್ತದೆ, ಸ್ವಲ್ಪ ಉಪ್ಪು ನೋಡಿಕೊಳ್ಳಿ ಅಷ್ಟೆ. ಮುಚ್ಚಳ ತೆಗೆದಾಗ ವಾಸನೆ ಜೋರು. ಒಣಮೀನು ಹುರಿಯುವ ಮನೆಯವರಿಗೆ ಅದೇನೂ ಹೊಸದಲ್ಲ, ಬೇರೆಯವರು ನಿಂಬೆರಸ ಬೀಳುವ ತನಕ ತಡೆದುಕೊಳ್ಳಿ, ಆಮೇಲೆ ಗೊತ್ತೇ ಆಗುವುದಿಲ್ಲ. ಇದು ಸಿಗದಾಗ ಸೋಯಾ ಸಾಸ್ ಹಾಕಿ ಎರಡು ಸಲ ಮಾಡಿದ್ದೇನೆ. ಎಲ್ಲ ಕಂದು ಬಣ್ಣಕ್ಕೆ ತಿರುಗಿ ಗೋಬಿ ಮಂಚೂರಿ ದಾರಿ ಹಿಡಿಯಿತು. ಹಾಗೆ ಮಾಡುವುದಕ್ಕಿಂತ ಉಪ್ಪು-ನಿಂಬೆಹುಳಿಯಲ್ಲೇ ಮುಗಿಸುವುದು ವಾಸಿ.

ನನ್ನ ಅಳತೆ: ಎರಡು ದೊಡ್ಡ ಚಮಚ ಬೆಚ್ಚಗಿನ ನೀರಿನಲ್ಲಿ ಎರಡೂವರೆ ದೊಡ್ಡ ಚಮಚ ಸಕ್ಕರೆ ಕರಗಿಸಿ, ಮೂರು ದೊಡ್ಡ ಚಮಚ ನಿಂಬೆರಸ, ಮೂರು ದೊಡ್ಡ ಚಮಚ ಮೀನಿನ ಸಾಸ್. ಕೊನೆಗೆ ಸಣ್ಣಗೆ ಕೊಚ್ಚಿದ ಮೂರು ಎಸಳು ಬೆಳ್ಳುಳ್ಳಿ, ಎರಡು ಮೆಣಸಿನಕಾಯಿ. ಬೆಳ್ಳುಳ್ಳಿ, ಮೆಣಸಿನಕಾಯಿ ರಸದ ಮೇಲೆ ತೇಲಿದರೆ ಚೆಂದ ಅಂತ ಆಂಟಿ ಲೆಕ್ಕ, ಅದಕ್ಕೇ ಅವನ್ನು ಕೊನೆಗೆ ಹಾಕುವುದು. ಬರಿದೇ ನೆಕ್ಕಿ ನೋಡಿದರೆ ತೀರಾ ಜೋರು ಅನ್ನಿಸಬೇಕು. ತರಕಾರಿ ಸಪ್ಪೆ ಅಲ್ವಾ, ಬೆರೆತಾಗ ಸರಿಹೋಗುತ್ತದೆ.

ಇನ್ನು ಎರಡನೇ ಗರಿಗರಿ. ಕಡ್ಲೆಕಾಯಿ ಬೀಜ ಒಂದು ಹಿಡಿ, ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಉಜ್ಜಿ, ಸಿಪ್ಪೆ ಕೇರಿ, ಕುಟ್ಟಾಣಿಯಲ್ಲಿ ನಾಲ್ಕು ಪೆಟ್ಟು ಕೊಡಿ. ಮಿಕ್ಸಿಗೆ ಹಾಕಿದರೆ ಪುಡಿಯಾಗಿ ಎಣ್ಣೆ ಬಿಡುತ್ತದೆ. ಸಾಂಬಾರ್ ಈರುಳ್ಳಿ ಹತ್ತನ್ನು ಒಂದೇ ದಪ್ಪಕ್ಕೆ ತೆಳ್ಳಗೆ ಹೆಚ್ಚಿ, ಎಣ್ಣೆ ತಣ್ಣಗಿರುವಾಗಲೇ ಅದರಲ್ಲಿ ಹಾಕಿ ಒಲೆ ಹಚ್ಚಿ. ಇದು ನನಗೆ ಹೊಸ ಪಾಠ, ನಾನು ಯಾವಾಗಲೂ ಕಾದ ಎಣ್ಣೆಗೇ ಹಾಕುತ್ತಿದ್ದೆ, ಅಂಚು ಕಪ್ಪಾಗಿ ನಡು ಹಸಿಯಾಗಿ ಉಳಿಯುತ್ತಿತ್ತು. ತಣ್ಣನೆ ಎಣ್ಣೆಯಿಂದ ಶುರು ಮಾಡಿದರೆ ಬಿಸಿ ಏರುತ್ತ ಏರುತ್ತ ಈರುಳ್ಳಿಯ ನೀರೆಲ್ಲ ನಿಧಾನಕ್ಕೆ ಹೋಗಿ ಆಮೇಲೆ ಬಣ್ಣ ಬರುತ್ತದೆ. ಗುಳ್ಳೆಯ ಸದ್ದು ತಗ್ಗಿತು, ಬಣ್ಣ ಒಣಹುಲ್ಲಿನಷ್ಟಾಯಿತು ಅಂದರೆ ತೆಗೆದುಬಿಡಿ. ಹೊರಗೆ ಬಂದ ಮೇಲೂ ಇನ್ನೊಂದು ಸುತ್ತು ಕೆಂಪಾಗುತ್ತದೆ. ಕಾಗದದ ಮೇಲೆ ಹರವಿ, ಮುಚ್ಚಬೇಡಿ. ಆ ಎಣ್ಣೆ ಚೆಲ್ಲಬೇಡಿ, ಮರುದಿನದ ಚಿತ್ರಾನ್ನದ ಒಗ್ಗರಣೆಗೆ ಬಹಳ ಚೆನ್ನಾಗಿರುತ್ತದೆ.

ಸೊಪ್ಪಿಗೆ ಅವರು ಬಳಸುವುದು ರಾವ್ ರಾಮ್, ಕೊತ್ತಂಬರಿ ಮತ್ತು ಮೆಣಸಿನ ನಡುವಿನ ಘಮ ಅದರದ್ದು. ನನಗೆ ಮೈಸೂರಿನಲ್ಲಿ ಸಿಕ್ಕಿಲ್ಲ. ಪುದೀನ ಮತ್ತು ಕೊತ್ತಂಬರಿ ಸಮ ಸಮ ಹಾಕುತ್ತೇನೆ. ಬೆಳಿಗ್ಗೆಯೇ ತೊಳೆದು ಒಣಗಿಸಿಟ್ಟಿರಬೇಕು, ಒದ್ದೆ ಪುದೀನ ಒಂದು ಹಿಡಿ ಸಾಕು ಎಲ್ಲ ಶ್ರಮ ಹಾಳು ಮಾಡಲು.

ಕಲಸುವುದು ಹೀಗೆ. ಊಟಕ್ಕೆ ಹತ್ತು ನಿಮಿಷ ಮೊದಲು ಬಿಡಿಸಿದ ಕೋಳಿಗೆ ಮಾತ್ರ ಎರಡು ಚಮಚ ರಸ ಹಾಕಿ ಕೈಯಾಡಿಸಿ. ಕೋಳಿ ರಸ ಕುಡಿಯಬೇಕು, ಅದಕ್ಕೆ ಸಮಯ ಬೇಕು. ತರಕಾರಿಗೆ ಬೇಡ. ಎಲ್ಲರೂ ತಟ್ಟೆ ಮುಂದೆ ಕೂತ ಮೇಲೆ ಅಗಲವಾದ ಬೋಗುಣಿಯಲ್ಲಿ ಎಲೆಕೋಸು, ಹಿಂಡಿದ ಕ್ಯಾರೆಟ್-ನವಿಲುಕೋಸು, ಈರುಳ್ಳಿ, ಕೋಳಿ, ಸೊಪ್ಪು ಎಲ್ಲ ಸೇರಿಸಿ, ರಸವನ್ನು ಸುತ್ತಲೂ ಸುರಿದು, ಕೈಯಲ್ಲೇ ಕೆಳಗಿನಿಂದ ಮೇಲಕ್ಕೆ ಎತ್ತಿ ಎತ್ತಿ ಕಲಸಿ. ಹಿಸುಕಬೇಡಿ. ಕಡ್ಲೆಕಾಯಿ ಅರ್ಧ ಒಳಗೆ, ಅರ್ಧ ಮೇಲೆ. ಕರಿದ ಈರುಳ್ಳಿ ಒಳಗೆ ಬೇಡವೇ ಬೇಡ, ಬಡಿಸಿದ ತಟ್ಟೆಯ ಮೇಲೆ ಉದುರಿಸಿದರೆ ಸಾಕು. ಕಾಲು ಗಂಟೆ ಗರಿಗರಿ ಇರುತ್ತದೆ, ಅಷ್ಟರಲ್ಲಿ ಯಾರ ತಟ್ಟೆಯಲ್ಲೂ ಉಳಿದಿರುವುದಿಲ್ಲ.

ಅವರು ಇದನ್ನು ಸಿಗಡಿ ಹಪ್ಪಳದ ಜೊತೆ ತಿನ್ನುತ್ತಾರೆ. ಹಪ್ಪಳ ಮುರಿದು ಅದರ ಮೇಲೆ ಒಂದಿಷ್ಟು ಇಟ್ಟುಕೊಂಡು ಬಾಯಿಗೆ. ಆ ಹಪ್ಪಳ ಮರಗೆಣಸಿನ ಹಿಟ್ಟಿನದು, ನಮ್ಮ ಸಬ್ಬಕ್ಕಿಯೂ ಅದೇ ಗೆಣಸಿನದು, ಹಾಗಾಗಿ ಅತ್ತೆ ಬೇಸಿಗೆಯಲ್ಲಿ ಮಾಡಿಟ್ಟ ಸಬ್ಬಕ್ಕಿ ಹಪ್ಪಳ ಕರಿದರೆ ಹೇಳಿ ಮಾಡಿಸಿದ ಜೋಡಿ.

ಕೋಳಿ ಬೇಯಿಸಿದ ನೀರನ್ನು ಮಾತ್ರ ಚೆಲ್ಲಬೇಡಿ. ವಿಯೆಟ್ನಾಂನಲ್ಲಿ ಗೊಯ್ ಗಾ ಇದ್ದ ದಿನ ಪಕ್ಕದಲ್ಲಿ ಒಂದು ಬಟ್ಟಲು ಗಂಜಿ ಇದ್ದೇ ಇರುತ್ತದೆ. ಬಿಡಿಸಿ ಉಳಿದ ಮೂಳೆಗಳನ್ನು ಆ ನೀರಿಗೇ ಮತ್ತೆ ಹಾಕಿ ಅರ್ಧ ಗಂಟೆ ಕುದಿಸಿ ಸೋಸಿಕೊಳ್ಳಿ. ಅರ್ಧ ಲೋಟ ಅಕ್ಕಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಐದು ಲೋಟ ಸಾರಿನಲ್ಲಿ ಬಿರಿಯುವ ತನಕ ಬೇಯಿಸಿ, ಮೇಲೆ ಕಾಳುಮೆಣಸಿನ ಪುಡಿ, ಈರುಳ್ಳಿ ಹೂವಿನ ಸೊಪ್ಪು ಹಾಕಿ. ತಣ್ಣಗಿನ ಹುಳಿ ಕೋಸಂಬರಿ ಒಂದು ತುತ್ತು, ಬಿಸಿ ಗಂಜಿ ಒಂದು ಗುಟುಕು. ನಮ್ಮ ಮಾವನವರಿಗೆ ಕೋಸಂಬರಿಗಿಂತ ಗಂಜಿಯೇ ಇಷ್ಟ, ಅವರ ಬಟ್ಟಲಿಗೆ ಕರಿದ ಈರುಳ್ಳಿಯನ್ನು ಮೊದಲೇ ತೆಗೆದಿಡುತ್ತೇನೆ.