ಕಾಲೇಜು ದಿನಗಳಲ್ಲಿ ಒಂದು ಹೋರಾಟ ಕೈಗೆತ್ತಿಕೊಳ್ಳುವುದು ಹೇಗೆ: ಕಾಸರಗೋಡಿನ ಕನ್ನಡದ ಮಕ್ಕಳಿಗೆ

ಪೆರ್ಲದ ಹತ್ತಿರದ ಒಂದು ಅಕ್ಷಯ ಕೇಂದ್ರದಲ್ಲಿ, ಅಂದರೆ ಸರಕಾರಿ ಸೇವೆಗಳ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಕೇಂದ್ರದಲ್ಲಿ, ನನ್ನ ಕೆಲಸ. ಪಿಂಚಣಿದಾರರು ಬದುಕಿದ್ದಾರೆಂದು ದಾಖಲಿಸುವ ಮಸ್ಟರಿಂಗ್, ರೇಷನ್ ಕಾರ್ಡಿನ ತಿದ್ದುಪಡಿ, ವಿದ್ಯಾರ್ಥಿವೇತನದ ಅರ್ಜಿ ಎಂದು ದಿನವಿಡೀ ಕಾಗದಗಳ ನಡುವೆ ಇರುತ್ತೇನೆ. ಪದವಿ ಓದುವ ಮಕ್ಕಳು ಬಂದರೆ ಅರ್ಜಿ ಅಪ್‌ಲೋಡ್ ಆಗುವಷ್ಟರಲ್ಲಿ ಮಾತಿಗಿಳಿಯುತ್ತಾರೆ. "ಅಕ್ಕ, ಓದುತ್ತಾ ಇದ್ದೇನೆ, ಯಾವುದಕ್ಕೆ ಎಂದು ಮಾತ್ರ ಗೊತ್ತಾಗುತ್ತಿಲ್ಲ" ಎನ್ನುವವರು ಹಲವರು. ಅವರಿಗೆ ನಾನು ಹೇಳುವುದು ಇಷ್ಟೇ: ರಾಜಕೀಯಕ್ಕೆ ಇಳಿಯಿರಿ, ಆದರೆ ಊರಿನ ಒಂದೇ ಒಂದು ವಿಷಯದ ಬೆನ್ನು ಹಿಡಿದು ಇಳಿಯಿರಿ. ಅದು ಇತ್ಯರ್ಥವಾಗುವವರೆಗೆ ಬಿಡಬೇಡಿ. ನನ್ನ ಬದುಕಿಗೆ ದಿಕ್ಕು ಸಿಕ್ಕಿದ್ದು ಹಾಗೆಯೇ.

ವಿಷಯ ಆರಿಸುವುದೇ ಕಷ್ಟದ ಕೆಲಸ. ಹತ್ತೊಂಬತ್ತರ ಪ್ರಾಯದಲ್ಲಿ ಎಲ್ಲ ಅನ್ಯಾಯಗಳೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಗಡಿಯ ಪ್ರಶ್ನೆಯಂತೂ ನಮ್ಮಲ್ಲಿ ಊಟದ ಹೊತ್ತಿಗೂ ಬರುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದಕ್ಕಾಗಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಅದಕ್ಕಾಗಿ ಬಾಳು ಸವೆಸಿದರು. ಈ ಚರಿತ್ರೆಯನ್ನು ಓದಿಕೊಳ್ಳಲೇಬೇಕು. ಆದರೆ ಕಾಲೇಜಿನಲ್ಲಿರುವಾಗ ನೀವು ಹಿಡಿಯುವ ವಿಷಯ ಇನ್ನೂ ಹತ್ತಿರದ್ದಾಗಿರಲಿ. ಅದರಿಂದ ತೊಂದರೆಗೊಳಗಾದ ಒಬ್ಬರ ಹೆಸರು ನಿಮಗೆ ಗೊತ್ತಿರಬೇಕು. ಉತ್ತರ ಕೊಡಬೇಕಾದ ಕಚೇರಿ ಯಾವುದೆಂದು ತಿಳಿದಿರಬೇಕು. ಒಂದು ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಬರುವಂತಿರಬೇಕು. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗುವುದು, ಬಸ್ಸಿನಲ್ಲಿ ಕನ್ಸೆಷನ್ ಇದ್ದವರನ್ನು ಕೊನೆಗೆ ಹತ್ತಿಸಿಕೊಳ್ಳುವುದು, ಕಚೇರಿಯಲ್ಲಿ ಕನ್ನಡದ ಅರ್ಜಿ ನಮೂನೆ ಇಲ್ಲದಿರುವುದು, ಇಂಥವು.

ನಾನು ಹಿಡಿದದ್ದು ಗ್ರಾಮಸಭೆಯ ನೋಟಿಸನ್ನು. ನೆರೆಮನೆಯ ಅಜ್ಜಿ ಕನ್ನಡ ಶಾಲೆಯಲ್ಲಿ ಐದನೆಯ ತರಗತಿವರೆಗೆ ಓದಿದವರು, ದಿನವೂ ಪತ್ರಿಕೆ ಓದುತ್ತಿದ್ದವರು. ಮನೆ ದುರಸ್ತಿಯ ಸಹಾಯಧನಕ್ಕೆ ಹೆಸರು ಕೊಡಬೇಕಾಗಿದ್ದ ಸಭೆ ಮುಗಿದು ಹೋದದ್ದು ಅವರಿಗೆ ತಿಳಿಯಲೇ ಇಲ್ಲ. ನೋಟಿಸು ಬಂದಿರಲಿಲ್ಲವೆಂದಲ್ಲ, ಅದು ಅವರ ಚಾವಡಿಯ ಕಂಬದ ಮೊಳೆಗೆ ಸಿಕ್ಕಿಸಿಕೊಂಡೇ ಇತ್ತು, ವಿದ್ಯುತ್ ಬಿಲ್ಲಿನ ಹಿಂದೆ. ಪೂರ್ತಿ ಮಲಯಾಳದಲ್ಲಿತ್ತು. "ಬ್ಯಾಂಕಿನದ್ದು ಎಂದು ತೆಗೆದಿಟ್ಟಿದ್ದೆ ಮಗಳೇ" ಎಂದರು.

ವಿಷಯ ಸಿಕ್ಕಿದ ಮೇಲೆ ಘೋಷಣೆ ಕೂಗುವ ಮೊದಲು ಕಾನೂನು ಓದಿ. ಯಾವುದೇ ಅಧಿಕಾರಿಗೆ ತನ್ನ ಕುಂದುಕೊರತೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಬರೆದು ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. 350ಎ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ, 350ಬಿ ಭಾಷಾ ಅಲ್ಪಸಂಖ್ಯಾತರಿಗಾಗಿ ರಾಷ್ಟ್ರಪತಿ ನೇಮಿಸುವ ವಿಶೇಷಾಧಿಕಾರಿಯ ಬಗ್ಗೆ. ಕೇರಳದ್ದೇ ಆದ 1969ರ ಅಧಿಕೃತ ಭಾಷಾ ಕಾನೂನು ಇನ್ನೂ ಸ್ಪಷ್ಟವಾಗಿದೆ: ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್‌ನೊಂದಿಗೆ, ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಆ ಪುಟವನ್ನು ಮುದ್ರಿಸಿ ಚೀಲದಲ್ಲಿಟ್ಟುಕೊಳ್ಳಿ. "ಇದನ್ನು ಮಲಯಾಳದಲ್ಲಿ ಬರೆದು ತನ್ನಿ" ಎಂದು ಗುಮಾಸ್ತರು ಹೇಳಿದಾಗ ಜಗಳಕ್ಕೆ ಹೋಗದೆ ಆ ಪುಟವನ್ನು ಅವರ ಮೇಜಿನ ಮೇಲಿಡಿ. ಹೆಚ್ಚಿನವರಿಗೆ ಇಂಥ ನಿಯಮ ಇರುವುದೇ ಗೊತ್ತಿರುವುದಿಲ್ಲ. ಅವರು ನಿಮ್ಮ ವೈರಿಗಳಲ್ಲ.

ಅರ್ಜಿಯ ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಹಿತ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟಂತೆಯೇ ಅಲ್ಲ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಕೊಡಿ. ಇಲ್ಲಿ ಪ್ರಶ್ನೆ ಕೇಳುವ ಬಗೆ ಬಹಳ ಮುಖ್ಯ. "ಕನ್ನಡದಲ್ಲಿ ಯಾಕೆ ನೋಟಿಸು ಕೊಡುವುದಿಲ್ಲ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಈ ಕಾಯಿದೆ ಕೊಡಿಸುವುದು ಕಡತದಲ್ಲಿರುವ ದಾಖಲೆಯನ್ನು, ಅಧಿಕಾರಿಯ ಸಮಜಾಯಿಷಿಯನ್ನಲ್ಲ. ಹೀಗೆ ಬರೆಯಿರಿ: "ಕಳೆದ ಎರಡು ವರ್ಷಗಳಲ್ಲಿ ಈ ವಾರ್ಡಿನ ಗ್ರಾಮಸಭೆಗಳಿಗೆ ಹೊರಡಿಸಿದ ಎಲ್ಲ ನೋಟಿಸುಗಳ ಪ್ರತಿ ಕೊಡಿ. ಅವುಗಳಲ್ಲಿ ಕನ್ನಡದಲ್ಲಿರುವವು ಎಷ್ಟು? ಭಾಷಾ ಅಲ್ಪಸಂಖ್ಯಾತರಿಗೆ ನೋಟಿಸು ನೀಡುವ ಬಗ್ಗೆ ನಿಮ್ಮ ಕಚೇರಿಗೆ ಬಂದಿರುವ ಸುತ್ತೋಲೆಗಳ ಪ್ರತಿ ಕೊಡಿ." ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ತೊಂಬತ್ತು ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ನಮ್ಮ ಅರ್ಜಿಗೆ ಬಂದ ಉತ್ತರದಲ್ಲಿ "ಕನ್ನಡದಲ್ಲಿ ಇಲ್ಲ" ಎಂಬ ಒಂದು ಸಾಲು ಇತ್ತು, ಕೆಳಗೆ ಸಹಿ ಮತ್ತು ಮೊಹರು. ಆ ಒಂದು ಸಾಲಿನ ಬಲದ ಮೇಲೆ ಮುಂದಿನ ಎಲ್ಲ ಕೆಲಸ ನಡೆಯಿತು.

ಮುಂದಿನ ಕೆಲಸ ಗ್ರಾಮಸಭೆಯಲ್ಲಿ. ಹದಿನೆಂಟು ತುಂಬಿದ ಕೂಡಲೇ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ. ವಾರ್ಡಿನ ಮತದಾರರೆಲ್ಲರೂ ಗ್ರಾಮಸಭೆಯ ಸದಸ್ಯರು. ಕೇರಳದ 1994ರ ಪಂಚಾಯತ್ ರಾಜ್ ಕಾಯಿದೆಯಂತೆ ಮೂರು ತಿಂಗಳಿಗೊಮ್ಮೆಯಾದರೂ ಸಭೆ ಕರೆಯಬೇಕು, ಶೇಕಡಾ ಹತ್ತರಷ್ಟು ಮತದಾರರು ಬರಬೇಕು, ಅಷ್ಟೇ ಜನ ಬರೆದು ಕೇಳಿದರೆ ವಿಶೇಷ ಸಭೆಯನ್ನೂ ಕರೆಯಬೇಕಾಗುತ್ತದೆ. ಸಹಿ ಸಂಗ್ರಹಕ್ಕೆ ಮನೆಮನೆಗೆ ಹೋಗುವಾಗ ಒಬ್ಬರೇ ಹೋಗಬೇಡಿ, ಓಡಿಕೊಂಡು ಹೋಗಬೇಡಿ. ಕೊಟ್ಟ ಚಹಾ ಕುಡಿಯಿರಿ. ನಮ್ಮಲ್ಲಿ ಒಂದು ಮನೆಯಲ್ಲಿ ತುಳು, ಪಕ್ಕದ್ದರಲ್ಲಿ ಬ್ಯಾರಿ, ಆಚೆ ಬದಿಯಲ್ಲಿ ಕೊಂಕಣಿ ಅಥವಾ ಮರಾಠಿ ಮಾತಾಡುತ್ತಾರೆ. ಮನೆಯವರ ಮಾತಿನಲ್ಲೇ ಮಾತಾಡಿ. ಮಲಯಾಳ ಮನೆಮಾತಿನವರೂ ನಮಗೆ ಸಹಿ ಹಾಕಿದರು, ಅಜ್ಜಿಯ ಕಥೆ ಕೇಳಿದ ಮೇಲೆ ಬೇಡವೆಂದವರು ಯಾರೂ ಇಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಮಲಯಾಳ ಕಲಿಯಿರಿ. ಮಾತಾಡುವುದಷ್ಟೇ ಅಲ್ಲ, ಓದಲು ಬರೆಯಲು ಕಲಿಯಿರಿ. ಹತ್ತನೆಯ ತರಗತಿವರೆಗೆ ಮಲಯಾಳವನ್ನು ಕಡ್ಡಾಯ ಮಾಡಿದ 2017ರ ಕಾನೂನನ್ನು ನಮ್ಮವರು ವಿರೋಧಿಸಿದ್ದು ಸರಿಯಾಗಿಯೇ ಇತ್ತು. ಆದರೆ ಸರಕಾರದ ಆದೇಶ, ವಿಧಾನಸಭೆಯ ಚರ್ಚೆ, ಜಿಲ್ಲಾ ಕಚೇರಿಯ ಟಿಪ್ಪಣಿ ಎಲ್ಲವೂ ಆ ಲಿಪಿಯಲ್ಲಿವೆ. ಕನ್ನಡದ ಹಕ್ಕಿಗಾಗಿ ನಿಲ್ಲುವವರು ಅದನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಸ್ಥಿತಿಯಲ್ಲಿರಬಾರದು.

ಪಕ್ಷ ಸೇರಬೇಕೇ ಎಂದು ಎಲ್ಲರೂ ಕೇಳುತ್ತಾರೆ. ನಂಬಿಕೆ ಇದ್ದರೆ ಸೇರಿ, ಕೇರಳದ ಕ್ಯಾಂಪಸ್ಸಿನಲ್ಲಿ ಅದನ್ನು ತಪ್ಪಾಗಿ ನೋಡುವವರು ಕಡಿಮೆ. ಸಂಘಟನೆ ಭಾಷಣ ಕಲಿಸುತ್ತದೆ, ಜನರನ್ನು ಕಟ್ಟುವುದನ್ನು ಕಲಿಸುತ್ತದೆ. 2020ರಲ್ಲಿ ತಿರುವನಂತಪುರದ ಮೇಯರ್ ಆದ ಆರ್ಯಾ ರಾಜೇಂದ್ರನ್ ಆಗ ಇಪ್ಪತ್ತೊಂದರ ಪ್ರಾಯದ ವಿದ್ಯಾರ್ಥಿನಿ. ನಿಮ್ಮ ವಿಷಯದ ಫೈಲು ಮಾತ್ರ ನಿಮ್ಮ ಕೈಯಲ್ಲೇ ಇರಲಿ, ಚುನಾವಣೆ ಮುಗಿದೊಡನೆ ಮರೆಯುವವರ ಕೈಗೆ ಕೊಡಬೇಡಿ. ಎಲ್ಲ ಪಕ್ಷದವರ ಬಳಿಗೂ ಹೋಗಿ. ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆ ತೀರ್ಮಾನವಾದದ್ದು ಕೇವಲ 89 ಮತಗಳಿಂದ. ಅಂಥ ಕ್ಷೇತ್ರದಲ್ಲಿ ಒಂದು ವಾರ್ಡಿನ ಸಹಿಯ ಪಟ್ಟಿಯನ್ನು ಯಾರೂ ಬದಿಗೆ ಸರಿಸುವುದಿಲ್ಲ. 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು.

ಓದು ಬಿಡಬೇಡಿ. ವಿದ್ಯಾರ್ಥಿ ಚುನಾವಣೆಗಳ ಬಗೆಗಿನ ಲಿಂಗ್ಡೋ ಸಮಿತಿಯ ನಿಯಮದಂತೆ ಕಾಲೇಜು ಯೂನಿಯನ್ನಿಗೆ ಸ್ಪರ್ಧಿಸಲೂ ಶೇಕಡಾ 75 ಹಾಜರಿ ಬೇಕು. ರಸ್ತೆ ತಡೆಗೆ ಕುಳಿತರೆ ಮೊಕದ್ದಮೆ ಬೀಳಬಹುದು, ಪಾಸ್‌ಪೋರ್ಟಿಗೂ ಸರಕಾರಿ ಕೆಲಸದ ಪರಿಶೀಲನೆಗೂ ಅದು ತೊಡಕಾಗುತ್ತದೆ. ತಿಳಿದೇ ಕುಳಿತುಕೊಳ್ಳಿ, ಮನೆಯಲ್ಲಿ ಮೊದಲೇ ಹೇಳಿ ಕುಳಿತುಕೊಳ್ಳಿ. ಹುಡುಗಿಯರಿಗೆ ಒಂದು ಮಾತು: ಸಭೆಯ ಹೊತ್ತನ್ನು ಕೊನೆಯ ಬಸ್ಸಿಗೆ ಹೊಂದಿಸಿ ಇಡುವಂತೆ ಹಟ ಹಿಡಿಯಿರಿ. ರಾತ್ರಿ ಸಭೆಗಳಲ್ಲೇ ಎಲ್ಲ ತೀರ್ಮಾನವಾಗುವ ಕಡೆ ನಿಮ್ಮ ಮಾತಿಗೆ ಜಾಗವಿರುವುದಿಲ್ಲ.

ಬೇಗ ಫಲ ಸಿಗದಿದ್ದಾಗ ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿರುದ್ಧದ ಹೋರಾಟವನ್ನು ನೆನಪಿಸಿಕೊಳ್ಳಿ. ನಮ್ಮ ಎಣ್ಮಕಜೆಯ ಗುಡ್ಡಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದು ವರ್ಷಾನುಗಟ್ಟಲೆ. ಹುಟ್ಟಿದ ಕರುಗಳ ಕಾಲು ಸೊಟ್ಟಗಿರುವುದನ್ನು ಪತ್ರಕರ್ತ ಶ್ರೀಪಡ್ರೆ ಮೊದಲೇ ಬರೆದರು, ಯಾರೂ ಕಿವಿಗೊಡಲಿಲ್ಲ. ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯಕ್ಕೆ ಹೋದರು, 2000ದಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯ ಸಿಂಪಡಣೆಯನ್ನು ತಡೆಯಿತು. ಒಂದು ಯುವಜನ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶ ಬಂದದ್ದು 2017ರಲ್ಲಿ. ಈ ಸಾಲಿನಲ್ಲಿರುವ ಯಾರೊಬ್ಬರೂ ಮೊದಲಿನಿಂದ ಕೊನೆಯವರೆಗಿನ ಕೆಲಸವನ್ನು ಒಬ್ಬರೇ ಮಾಡಲಿಲ್ಲ.

ಆದ್ದರಿಂದ ಕೊನೆಯ ವರ್ಷಕ್ಕೆ ಕಾಲಿಡುವಾಗಲೇ ಕಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕಚೇರಿಗೆ ಅವರನ್ನೂ ಕರೆದೊಯ್ಯಿರಿ, ಮಾತು ಅವರೇ ಆಡಲಿ. ಫೈಲಿನ ಮೊದಲ ಪುಟದಲ್ಲಿ ಯಾವ ತಾರೀಖಿಗೆ ಯಾವ ಅರ್ಜಿ ಕೊಟ್ಟಿರಿ, ಏನು ಉತ್ತರ ಬಂತು, ಯಾವ ಮೇಲ್ಮನವಿಯ ಗಡುವು ಯಾವಾಗ ಎಂಬುದನ್ನು ಬರೆದಿಡಿ. ನಮ್ಮ ವಾರ್ಡಿನ ನೋಟಿಸು ಈಗ ಎರಡೂ ಭಾಷೆಯಲ್ಲಿ ಬರುತ್ತಿದೆ. ಸಹಾಯಧನದ ಅರ್ಜಿ ನಮೂನೆ ಇನ್ನೂ ಕನ್ನಡದಲ್ಲಿ ಬಂದಿಲ್ಲ. ಆ ಫೈಲು ಈಗ ಎರಡನೆಯ ವರ್ಷದ ಪದವಿಯ ಇಬ್ಬರು ಹುಡುಗಿಯರ ಕೈಯಲ್ಲಿದೆ, ಮೊದಲ ಮೇಲ್ಮನವಿ ಈ ತಿಂಗಳು ಹೋಗಬೇಕು.