ಸೊಪ್ಪು ಕೊಟ್ಟರೆ ಪ್ರೀತಿಯೇ?

ನನ್ನ ಕಾದಂಬರಿಗಳ ಪೈಕಿ ಅತಿ ಹೆಚ್ಚು ಟೀಕೆಗೆ ಗುರಿಯಾದದ್ದು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆಯೊಂದರ ಪ್ರೇಮಕಥೆ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗಲೇ ಓದುಗರ ಪತ್ರಗಳು ಶುರುವಾಗಿದ್ದವು. ಪುಸ್ತಕವಾದ ಮೇಲಂತೂ ಚಿಕ್ಕಬಳ್ಳಾಪುರದಲ್ಲಿ ಮದುವೆಮನೆಗೆ ಹೋದರೂ ಯಾರಾದರೊಬ್ಬರು ಹಿಡಿದು ನಿಲ್ಲಿಸುತ್ತಿದ್ದರು. "ಅಲ್ಲ ಮೇಡಂ, ಅಷ್ಟು ಪುಟ ಓದಿದ್ರೂ ಹುಡುಗ ಹುಡುಗಿ ಒಂದು ಕಡೆ ಕೂತು ಮಾತಾಡ್ಲಿಲ್ಲವಲ್ಲ? ನಂದಿ ಬೆಟ್ಟ ಕಣ್ಣೆದುರಿಗೇ ಇದೆ, ಅಲ್ಲಿಗಾದ್ರೂ ಕಳಿಸಬಾರದಿತ್ತಾ?"

ಬೇಕೆಂದೇ ಕಳಿಸಲಿಲ್ಲ. ಕಥಾನಾಯಕಿ ಭಾಗ್ಯಳ ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ ಎದ್ದಿರುವ ವಾರ ಅದು. ರೇಷ್ಮೆ ಹುಳು ನಾಲ್ಕು ಸಲ ಮೇವು ಬಿಟ್ಟು ಅಲುಗದೆ ಕೂತು ಪೊರೆ ಬಿಡುತ್ತದೆ, ಅದಕ್ಕೇ ನಾವು ಜ್ವರ ಅನ್ನುವುದು. ನಾಲ್ಕನೆಯದು ಮುಗಿದ ಮೇಲೆ ಹಣ್ಣಾಗಿ ಗೂಡು ಕಟ್ಟಲು ತೊಡಗುವವರೆಗಿನ ಏಳೆಂಟು ದಿನಗಳಲ್ಲೇ ಇಡೀ ಬೆಳೆಯ ಹಿಪ್ಪುನೇರಳೆ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಖಾಲಿಯಾಗುತ್ತದೆ. ಆ ವಾರ ಮನೆಮಂದಿಯ ನಿದ್ದೆ, ಊಟ, ಸ್ನಾನ ಎಲ್ಲ ಸೊಪ್ಪು ಹಾಕುವ ಹೊತ್ತಿನ ನಡುವೆ ಎಲ್ಲಿ ಸಂದು ಸಿಗುತ್ತದೋ ಅಲ್ಲಿ. ಅಂಥ ಹುಡುಗಿಯನ್ನು ಬೆಟ್ಟಕ್ಕೆ ಕಳಿಸಿದರೆ ಅವಳು ನನ್ನ ಭಾಗ್ಯ ಆಗುವುದಿಲ್ಲ, ಯಾವುದೋ ಸಿನಿಮಾದ ಹುಡುಗಿ ಆಗುತ್ತಾಳೆ.

ಹಾಗಾದರೆ ಪ್ರೀತಿ ಎಲ್ಲಿ ಹುಟ್ಟಬೇಕು? ನಾನು ಅದನ್ನು ಸೊಪ್ಪಿನಲ್ಲೇ ಇಟ್ಟೆ. ಬೋರ್‌ವೆಲ್ ಬತ್ತಿ ಭಾಗ್ಯಳ ಅಪ್ಪನ ತೋಟ ಅರ್ಧಕ್ಕೆ ಒಣಗಿದೆ. ಹಸಿದ ಹುಳು ಸ್ಟ್ಯಾಂಡಿನ ಅಂಚಿನವರೆಗೂ ಹರಿದು ತಲೆ ಎತ್ತಿ ಆಡಿಸುತ್ತಿವೆ. ಸುತ್ತಮುತ್ತ ದುಡ್ಡು ಕೊಡುತ್ತೇನೆಂದರೂ ಸೊಪ್ಪು ಮಾರುವವರಿಲ್ಲ. ರಾತ್ರಿ ಕಥಾನಾಯಕ ಮುನಿರಾಜು ಬರುತ್ತಾನೆ. ಬೀಡಿ ಸೇದಿಲ್ಲ, ಸೆಂಟು ಹಾಕಿಲ್ಲ. ಹುಳು ಮನೆಗೆ ಆ ವಾಸನೆಗಳು ಆಗಿಬರುವುದಿಲ್ಲ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲಿರುವ ಬ್ಲೀಚಿಂಗ್ ಪೌಡರ್ ನೀರಲ್ಲಿ ಕೈ ತೊಳೆದು, ಸೊಪ್ಪಿನ ಹೊರೆ ಇಳಿಸುತ್ತಾನೆ.

"ನಿಮ್ ಹುಳಕ್ಕೆ?" ಅನ್ನುತ್ತಾಳೆ ಭಾಗ್ಯ.

"ಈ ಬೆಳೆ ಬಿಟ್ಟೆ. ಚಾಕಿ ಬೇಡ ಅಂತ ಹೇಳ್ಬಿಟ್ಟೆ."

ಅಷ್ಟೇ ಮಾತು. ಚಾಕಿ ಎಂದರೆ ಬೆಳೆ ಶುರುಮಾಡಲು ತರುವ ಮರಿಹುಳು. ಬೆಂಗಳೂರಿನ ಓದುಗರೊಬ್ಬರು ಈ ಪುಟದ ಬಗ್ಗೆ "ಸೊಪ್ಪು ಕೊಟ್ಟರೆ ಪ್ರೀತಿಯೇ?" ಎಂದು ಬರೆದರು. ಹೌದು, ಪ್ರೀತಿಯೇ. ಒಂದು ಬೆಳೆ ಬಿಡುವುದೆಂದರೆ ತಿಂಗಳ ದುಡಿಮೆ ಬಿಟ್ಟಂತೆ, ಸಾಲದ ಕಂತಿಗೆ ಬೇರೆ ದಾರಿ ಹುಡುಕಿಕೊಂಡಂತೆ. ಆ ನಷ್ಟವನ್ನು ಅವನು ಬಾಯಿಬಿಟ್ಟು ಹೇಳಿಕೊಂಡಿದ್ದರೆ ಆ ಹೊರೆ ಋಣವಾಗಿಬಿಡುತ್ತಿತ್ತು. ಹೇಳದೆ ಇದ್ದದ್ದರಿಂದಲೇ ಭಾಗ್ಯಳಿಗೆ ಅದು ಅರ್ಥವಾಯಿತು. ನಮ್ಮ ಬಯಲುಸೀಮೆಯಲ್ಲಿ ನಾನು ಕಂಡ ಗಂಡಸರಲ್ಲಿ ಒಲವು ತೋರಿಸಿದವರೆಲ್ಲ ಹೀಗೇ ತೋರಿಸಿದ್ದಾರೆ.

ಇನ್ನೊಂದು ದೂರು ಭಾಗ್ಯ ಲೆಕ್ಕಾಚಾರದ ಹುಡುಗಿ ಎಂಬುದು. ಗೂಡು ಮಾರಾಟವಾಗುವವರೆಗೂ ಅವಳು ಮುನಿರಾಜುಗೆ ಹೂಂ ಅನ್ನುವುದಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಾಗಿ, ಅಪ್ಪನ ಸಾಲ ತೀರುತ್ತದೆ ಅನ್ನಿಸಿದ ಮೇಲೆಯೇ ಅನ್ನುತ್ತಾಳೆ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ಹಾಗಾಗಿ ಬೆಲೆ ಬಿದ್ದಿದೆ ಎಂದು ರೈತ ಗೂಡನ್ನು ಮನೆಯಲ್ಲಿಟ್ಟು ಕಾಯುವಂತಿಲ್ಲ. ಈ ಗಡುವಿನಲ್ಲೇ ಬೆಳೆದವಳು ತನ್ನ ಬದುಕಿನ ವಿಷಯದಲ್ಲಾದರೂ ಕಾಯುವ ಹಕ್ಕನ್ನು ಉಳಿಸಿಕೊಂಡಳು. ಮರುಮುದ್ರಣದ ಹೊತ್ತಿಗೆ ಪ್ರಕಾಶಕರು ಕೊನೆಯನ್ನು ಸ್ವಲ್ಪ ಮೆದು ಮಾಡಿ ಎಂದರು. ನಾನು ಒಪ್ಪಲಿಲ್ಲ.

ಹಾಗೆಂದು ಟೀಕೆಗೆ ಕಿವಿ ಮುಚ್ಚಿ ಕೂತಿಲ್ಲ. ನನ್ನದೊಂದು ರೂಢಿ ಇದೆ. ಓದುಗರು ಹೇಳಿದ್ದನ್ನು ನನ್ನ ಪ್ರತಿಯ ಅಂಚಿನಲ್ಲಿ, ಆಯಾ ಪುಟದ ಪಕ್ಕದಲ್ಲೇ ಪೆನ್ಸಿಲಿನಿಂದ ಬರೆದಿಡುತ್ತೇನೆ. "ಬೋರು", "ನಿಧಾನ" ಎಂಬ ಮಾತಿಗೆ ಪುಟ ಇರುವುದಿಲ್ಲ, ಅದನ್ನು ಬಿಟ್ಟುಬಿಡುತ್ತೇನೆ. ಪುಟ ಇರುವ ಮಾತನ್ನು ಬಿಡುವುದಿಲ್ಲ.

ಹಾಗೆ ಕೊನೆಯ ಅಧ್ಯಾಯದ ಪಕ್ಕ ಕೂತದ್ದು ಶಿಡ್ಲಘಟ್ಟದ ನೂಲು ಬಿಚ್ಚುವ ಮನೆತನದ ಹೆಣ್ಣುಮಗಳೊಬ್ಬರ ಮಾತು. "ಅಕ್ಕ, ಗೂಡು ಮಾರ್ಕೆಟ್ಟಿಗೆ ಬಂತು, ನಿಮ್ ಕಥೆ ಮುಗೀತು. ನಮ್ದು ಅಲ್ಲಿಂದ ಶುರು ಆಗ್ತದೆ." ನನಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ.

ಅವರ ಮನೆಯ ಘಟಕಕ್ಕೆ ಹೋಗಿ ಕೂತೆ. ಹಬೆ, ಬೆಂದ ಹುಳದ ವಾಸನೆ, ಬೆಳ್ಳಗೆ ನೆನೆದು ಸುಕ್ಕಾದ ಬೆರಳು. ಬಿಸಿನೀರಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ, ಹಲವು ಎಳೆ ಕೂಡಿಸಿ ಒಂದು ನೂಲು ಮಾಡುತ್ತಾರೆ. ದ್ವಿತಳಿ ಎಂಬ ಉತ್ತಮ ತಳಿಯ ಒಳ್ಳೆಯ ಗೂಡಾದರೆ ಒಂದರಲ್ಲೇ ಸುಮಾರು ಕಿಲೋಮೀಟರ್ ಉದ್ದದ ಎಳೆ. ಅದು ಕಡಿದರೆ ತಕ್ಷಣ ಇನ್ನೊಂದನ್ನು ಹಚ್ಚಬೇಕು, ಆದ್ದರಿಂದ ಕಣ್ಣು ಕದಲಿಸುವ ಹಾಗಿಲ್ಲ. ಅಕ್ಕಪಕ್ಕ ಕೂತ ಇಬ್ಬರು ಹೆಂಗಸರು ಅತ್ತೆಮನೆ, ಮಕ್ಕಳ ಫೀಸು, ಗಂಡನ ಕುಡಿತ, ಎಲ್ಲ ಮಾತಾಡಿಕೊಂಡರು. ಒಮ್ಮೆಯೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇಷ್ಟು ವರ್ಷ ನನ್ನ ಪ್ರೇಮಿಗಳು ಮುಖ್ಯವಾದ ಮಾತನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟೇ ಆಡಿದವರು. ಈಗ ಬರೆಯುತ್ತಿರುವ ಕಾದಂಬರಿ ನೂಲು ಬಿಚ್ಚುವ ಮನೆಯದು. ಇದರಲ್ಲಿ ಪ್ರೇಮಿಗಳಿಬ್ಬರ ಕಣ್ಣು ಎಳೆಯ ಮೇಲೇ ಇರಬೇಕು. ನಾಚಿಕೆ, ಮುನಿಸು, ಆಸೆ ಎಲ್ಲವೂ ದನಿಯಲ್ಲಿ, ಉತ್ತರ ಬರುವ ಮೊದಲಿನ ಮೌನದಲ್ಲಿ ಕೇಳಿಸಬೇಕು. ಬರೆಯಲು ತುಂಬ ಕಷ್ಟ, ಅಷ್ಟೇ ಇಷ್ಟವಾಗುತ್ತಿದೆ. ಮೊದಲ ಮೂರು ಅಧ್ಯಾಯಗಳನ್ನು ಆ ಹೆಣ್ಣುಮಗಳಿಗೇ ಓದಲು ಕೊಟ್ಟಿದ್ದೇನೆ, ಜೊತೆಗೊಂದು ಪೆನ್ಸಿಲನ್ನೂ.